ಕಾಕಾ ಕಟ್ಟಿದ ಆಚೆ ದಂಡೆ

ಮೊನ್ನೆ ಮನೆಗೆ ಬಡಿಗ ಬಂದಿದ್ದ. ಮರದ ಹೊಟ್ಟು, ಬಿಸಿ ಅಂಟು ಎರಡರ ವಾಸನೆ ಒಟ್ಟಿಗೇ ಮೂಗಿಗೆ ಬಡಿಯಿತು ನೋಡಿ, ಕುಡಚಿಯ ನಮ್ಮ ಪಕ್ಕದ ಮನೆಯ ಕಾಕಾ ಕಣ್ಣ ಮುಂದೆ ಬಂದು ನಿಂತರು... ಕೈಗೆಲ್ಲ ಹಸಿರು ಬಣ್ಣ, ಕನ್ನಡಕಕ್ಕೂ ಹಸಿರು ಬಣ್ಣ.

ಬಟ್ಟೆ ಅಂಗಡಿಯ ಕಾಕಾಗೆ ರೈಲಿನ ಹುಚ್ಚು. ಹಳೆಯ ಬಾಗಿಲೊಂದನ್ನು ಮಲಗಿಸಿ, ಅದರ ಮೇಲೆ ಹಳಿ ಜೋಡಿಸಿ, ಸೆಲ್ ಹಾಕಿದ ಪುಟ್ಟ ಗಾಡಿ ಓಡಿಸುತ್ತಿದ್ದರು. ಆ ಹಲಗೆಯ ಮೇಲಿನ ಪುಟ್ಟ ಕುಡಚಿ ಸ್ಟೇಷನ್ನು ಎಂದೋ ಮುಗಿದಿತ್ತು. ಕೃಷ್ಣಾ ಹೊಳೆಯ ಆಚೆ ದಂಡೆ ಮಾತ್ರ ಬರೀ ಹಲಗೆ. ಕಾಕಾ ಅಲ್ಲಿಗೆ ಹೋಗುವಂತಿರಲಿಲ್ಲ.

ಜೈನರ ಮನೆ. ಒಂದು ಚಾತುರ್ಮಾಸದಲ್ಲಿ ಮುನಿಗಳ ಮುಂದೆ ಎಲ್ಲರೂ ಒಂದೊಂದು ನಿಯಮ ಹಿಡಿದರಂತೆ. ಒಬ್ಬರು ಸಿಹಿ ಬಿಟ್ಟರು, ಇನ್ನೊಬ್ಬರು ಚಹಾ ಬಿಟ್ಟರು. ಚಹಾ ಬಿಡಲಾರದ ಈ ಪುಣ್ಯಾತ್ಮ, ಸಾಯುವ ತನಕ ಹೊಳೆ ದಾಟುವುದಿಲ್ಲ ಎಂದುಬಿಟ್ಟರು! ಅಂಗಡಿ, ಹೊಲ, ನೆಂಟರು ಎಲ್ಲ ಈಚೆಗೇ ಇದ್ದರಲ್ಲ. ಕೆಲವು ವರ್ಷಕ್ಕೆ ಒಬ್ಬಳೇ ಮಗಳಿಗೆ ಒಳ್ಳೆಯ ಮನೆತನ ಕೂಡಿಬಂತು. ಎಲ್ಲಿ? ಶೇಡಬಾಳದಲ್ಲಿ, ಹೊಳೆಯ ಆಚೆ.

ನನ್ನ ತವರು ಉಗಾರ ಬುದ್ರುಕ, ಅದೂ ಹೊಳೆಯ ಆಚೆಯೇ. ಆಗಾಗ ಗಾಡಿಯಲ್ಲಿ ಸೇತುವೆ, ನಮ್ಮ ಕಡೆಯ ಮಾತಲ್ಲಿ ಪೂಲು, ದಾಟಿ ಹೋಗುತ್ತಿದ್ದೆ. ತಿರುಗಿ ಬಂದ ಕೂಡಲೇ ಕಾಕಾನ ವಿಚಾರಣೆ.

"ಪೂಲ ದಾಟಿದ ಮ್ಯಾಲ ಎಡಕ್ಕ ಏನೈತಿ, ತಂಗಿ?"

"ಕಬ್ಬ ರೀ ಕಾಕಾ. ಬಲಕ್ಕೂ ಕಬ್ಬ."

"ಎಷ್ಟ ಎತ್ತರ? ಬರೋಬ್ಬರಿ ಹೇಳ."

ನಾನು ಹೇಳಿದಂತೆ ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಹೊಲ ಮಾಡಿದರು. ಕಸಬರಿಗೆ ಕಡ್ಡಿ ಕತ್ತರಿಸಿ ಕಬ್ಬು ನೆಟ್ಟರು. ಬೆಂಕಿಪೆಟ್ಟಿಗೆಯಷ್ಟು ಮನೆಯೊಂದನ್ನು ಕಟ್ಟಿ, ಮಗಳ ಮನೆ ಎಂದರು. ಆದರೆ ಆಟದ ಗಾಡಿಯನ್ನೂ ಪೂಲಿನ ಮುಂದೆಯೇ ನಿಲ್ಲಿಸಿಬಿಡುತ್ತಿದ್ದರು. ನನಗೆ ನಗುವೂ ಬರುತ್ತಿತ್ತು, ಮೈಯೂ ಉರಿಯುತ್ತಿತ್ತು.

ಆಮೇಲೆ ಮಗಳು ಹಾಸಿಗೆ ಹಿಡಿದಳು. ಕಾಕಾನ ಹೆಂಡತಿ ಕಾಕು ಹೋಗಿ ಅಲ್ಲೇ ಉಳಿದರು. ನೋಡಿಬಂದು ಹೇಳು ಎಂದು ಕಾಕಾ ನನ್ನನ್ನೂ ಕಳಿಸಿದರು. ಆ ಹುಡುಗಿ ನನ್ನ ಕೈ ಬಿಡಲೇ ಇಲ್ಲ.

"ಅಪ್ಪಗ ಬಾ ಅನ್ರಿ ವೈನಿ. ನಿಯಮ ಮುರದ ಪಾಪ ನನಗಿರಲಿ."

ಇದ್ದದ್ದನ್ನು ಇದ್ದಂತೆ ಬಂದು ಹೇಳಿದೆ. ಮರುದಿನ ಮುಂಜಾನೆ ಕಾಕಾ ಒಗೆದ ಧೋತರ ಉಟ್ಟು, ನನ್ನನ್ನು ಜೊತೆ ಮಾಡಿಕೊಂಡು ಸ್ಟೇಷನ್ನಿಗೆ ನಡೆದರು. ಟಿಕೀಟು ತೆಗೆದೆವು. ಗಾಡಿ ಬಂತು. ನಾನು ಚೀಲ ಹಿಡಿದು ಹತ್ತಿ ತಿರುಗಿ ನೋಡಿದರೆ, ಕಾಕಾ ಬೆಂಚಿನ ಮೇಲೇ ಕೂತಿದ್ದಾರೆ. ಎರಡೂ ಕೈಯಿಂದ ಬೆಂಚನ್ನು ಗಟ್ಟಿಯಾಗಿ ಹಿಡಿದಿದ್ದರು.

"ಏಳ್ರಿ ಕಾಕಾ, ಗಾಡಿ ಬಿಡತೈತಿ!"

"ಕಾಲ ಏಳವಲ್ವು, ತಂಗಿ..."

ನಾನು ಇಳಿದೆ. ಗಾಡಿ ಹೋಯಿತು. ಮೂರನೆಯ ದಿನ ಮಗಳು ತೀರಿಕೊಂಡಳು.

ಊರೆಲ್ಲ ಅವರನ್ನು ಬೈಯಿತು. ನಾನೂ ಬೈದೆ, ಎದುರಿಗೇ ಬೈದೆ. ಕಾಕಾ ಹೋಗಿಯೂ ಈಗ ಬಹಳ ವರ್ಷವಾಯಿತು. ಇಂದಿಗೂ ತವರಿಗೆ ಹೋಗುವಾಗ ಗಾಡಿ ಪೂಲಿನ ಮೇಲೆ ಬಂತೆಂದರೆ ನಾನು ಕಿಟಕಿಯಿಂದ ಮುಖ ತಿರುಗಿಸಿಬಿಡುತ್ತೇನೆ. ಖರೆ ಹೇಳಬೇಕೆಂದರೆ, ಅವತ್ತು ಅವರು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದರು. ರಟ್ಟೆ ಹಿಡಿದು ಎಳೆದಿದ್ದರೆ ಬರುತ್ತಿದ್ದರೇನೋ... ಪಕ್ಕದ ಮನೆಯ ಸೊಸೆ ನಾನು, ಸ್ಟೇಷನ್ ತುಂಬ ಊರ ಜನ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಸುಮ್ಮನೆ ನಿಂತೆ.