ಮೂರು ತಲೆಮಾರಿನ ಬಾಗಿಲು

ಆ ಸ್ಪೋರ್ಟ್ಸ್ ಕಾರಿನ ಬಾಗಿಲಿನ ಕೆಲಸವನ್ನು ನನಗೆ ಕಲಿಸಿದವರು ಅರವತ್ತರ ಹತ್ತಿರದ ಒಬ್ಬ ಅಮೆರಿಕನ್ ಎಂಜಿನಿಯರ್. ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನ ನಮ್ಮ ಆಫೀಸಿನಲ್ಲಿ ಅವರ ಮೇಜು ನನ್ನ ಪಕ್ಕದಲ್ಲೇ ಇತ್ತು. ಆ ಕಾರಿನ ಮೂರು ತಲೆಮಾರುಗಳಿಗೆ ಬಾಗಿಲು ಮಾಡಿದವರು ಅವರು. ಮೊದಲನೆಯದನ್ನು ಹಾಕಿದರೆ ಬಿಸ್ಕತ್ತಿನ ಡಬ್ಬದ ಸದ್ದು. ಎರಡನೆಯದು ಗಟ್ಟಿ, ಆದರೆ ತೆರೆಯಲು ಭುಜ ಕೊಡಬೇಕಿತ್ತು. ಮೂರನೆಯದರ ಅಂಚಿನ ರಬ್ಬರಿಗಾಗಿಯೇ ಎರಡು ಚಳಿಗಾಲ ಕಳೆದಿದ್ದರಂತೆ. ಕಣ್ಣು ಮುಚ್ಚಿಕೊಂಡು ಬಾಗಿಲು ಹಾಕಿ, "ಈಗ ನೀನು ಹಾಕು. ಇದನ್ನ ಕಿವಿಯಿಂದಲೇ ಕಲೀಬೇಕು" ಎನ್ನುತ್ತಿದ್ದರು.

ನಾಲ್ಕನೆಯ ತಲೆಮಾರಿನ ಕಾರು ತಯಾರಾಗುತ್ತಿದ್ದಾಗ ಆರ್ಥಿಕ ಹಿಂಜರಿತ ಬಂತು. ಒಂದು ದಿನ ಮ್ಯಾನೇಜರ್ ನನ್ನನ್ನು ಒಳಗೆ ಕರೆದು, ಆ ಹಿರಿಯರಿಗೆ ಗೊತ್ತಿರುವುದನ್ನೆಲ್ಲ ಆರು ವಾರದಲ್ಲಿ ಬರೆದುಕೊಳ್ಳಲು ಹೇಳಿದ. ಆಮೇಲೆ ಅವರು ಇರುವುದಿಲ್ಲ. ಅದು ಅವರಿಗೆ ತಿಳಿಯಲೂಬಾರದು.

ನೋವೈ ಊರಿನ ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನ ಕೆಲಸ ಹೋಗಿ ಆಗಲೇ ಮೂರು ತಿಂಗಳಾಗಿತ್ತು. "ನೀನು ಬಾಯಿ ಬಿಟ್ಟು ನಿನ್ ಕೆಲ್ಸಾನೂ ಹೋದ್ರೆ ವೀಸಾ ಕಥೆ ಏನು? ಮಕ್ಕಳನ್ನ ಅರ್ಧದಲ್ಲೇ ಸ್ಕೂಲ್ ಬಿಡಿಸ್ಬೇಕಾ? ಸುಮ್ನೆ ಬರ್ಕೋ" ಅಂದ. ನನಗೂ ಯಾರಾದರೂ ಹಾಗೆ ಹೇಳುವುದೇ ಬೇಕಿತ್ತು.

ಬರೆದುಕೊಂಡೆ. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದರು. "ಇಷ್ಟು ವರ್ಷದಲ್ಲಿ ಇದನ್ನೆಲ್ಲ ಯಾರೂ ಕೇಳಿರಲಿಲ್ಲ" ಎಂದು ಖುಷಿಪಟ್ಟರು. ಏಳನೆಯ ವಾರದ ಸೋಮವಾರ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಹೊರಟರು. ಲಿಫ್ಟಿನವರೆಗೂ ನಾನು ಹೋಗಲಿಲ್ಲ.

ಮರುತಿಂಗಳು, ಬಾಗಿಲಿಗೆ ಅಗ್ಗದ ರಬ್ಬರು ಹಾಕಲು ಒಪ್ಪಿಗೆ ಕೇಳುವ ಕಾಗದ ನನ್ನ ಮೇಜಿಗೆ ಬಂತು. ಏಕೆ ಹಾಕಬಾರದೆಂಬುದು ನಾನೇ ಬರೆದುಕೊಂಡ ಪುಸ್ತಕದಲ್ಲಿತ್ತು. ಸಹಿ ಹಾಕಿದೆ.

ಡೆಟ್ರಾಯಿಟ್‌ನ ಆಟೋ ಶೋನಲ್ಲಿ ಹೊಸ ಕಾರಿನ ಪಕ್ಕ ಕಂಪನಿಯ ಬ್ಯಾಡ್ಜ್ ಹಾಕಿಕೊಂಡು ನಿಂತಿದ್ದೆ. ಅವರು ಟಿಕೆಟ್ ಕೊಂಡು, ಎಲ್ಲರ ಜೊತೆ ಸಾಲಿನಲ್ಲಿ ಬಂದರು. ಬಾಗಿಲನ್ನು ಒಮ್ಮೆ ಹಾಕಿದರು. ತೆರೆದು ಇನ್ನೊಮ್ಮೆ ಹಾಕಿದರು.

"ರಬ್ಬರ್ ಬದಲಾಯಿಸಿದ್ದು ಯಾರು?"

"ನಾನೇ ಸಹಿ ಹಾಕಿದೆ."

ಬಾಗಿಲಿನಿಂದ ಕೈ ತೆಗೆದರು. "ಆ ಆರು ವಾರ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಿಂದೆ ನಿಂತಿದ್ದವರಿಗೆ ದಾರಿ ಬಿಟ್ಟು ಹೊರಟುಹೋದರು. ಆಮೇಲೆ ನಾಲ್ಕೈದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಆ ವರ್ಷವೇ ನನಗೆ ಬಡ್ತಿ ಸಿಕ್ಕಿತು. ಗಂಡ ದೇವಸ್ಥಾನದಲ್ಲಿ ನನ್ನ ಹೆಸರಿಗೆ ಅರ್ಚನೆ ಮಾಡಿಸಿದ. ಪ್ರಸಾದದ ಪುಳಿಯೋಗರೆ ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆ.