ಪಕ್ಕದ ಜಾಗದ ಮರಳು ಚೀಲ

ನಾನು ಸಂಜೆ ನಡೆಯಲು ಹೋಗುವ ಉದ್ಯಾನದಲ್ಲಿ ಒಂದು ಕೊಳವಿದೆ. ಕೊಳದಲ್ಲಿ ಒಂಬತ್ತು ದೋಣಿಗಳು. ಸೈಕಲ್ಲಿನಂತೆ ಕಾಲಿನಿಂದ ತುಳಿದು ನಡೆಸುವಂಥವು. ಮುಂದೆ ಅಕ್ಕಪಕ್ಕ ಇಬ್ಬರು ಕೂರಬಹುದು, ಹಿಂದೆ ಮಕ್ಕಳಿಗೊಂದು ಪುಟ್ಟ ಹಲಗೆ. ಇವುಗಳನ್ನು ಇಪ್ಪತ್ತಾರು ವರ್ಷಗಳಿಂದ ನೋಡಿಕೊಳ್ಳುತ್ತಿರುವವರಿಗೆ ಊರವರು ಇಟ್ಟ ಹೆಸರು ಅರ್ಧಗಂಟೆಯವರು.

ಹೆಸರು ಸುಮ್ಮನೆ ಬಂದದ್ದಲ್ಲ. ಒಂದು ಟಿಕೆಟ್ಟಿಗೆ ಅರ್ಧ ಗಂಟೆಯ ಸವಾರಿ. ಇಪ್ಪತ್ತೊಂಬತ್ತನೆಯ ನಿಮಿಷಕ್ಕೆ ಅವರು ದೋಣಿ ಕಟ್ಟುವ ಹಲಗೆ ಕಟ್ಟೆಯ ತುದಿಗೆ ಬಂದು ನಿಲ್ಲುತ್ತಾರೆ, ಮೂವತ್ತಕ್ಕೆ ಸೀಟಿ. "ಏಳನೇ ನಂಬರ್, ದಡಕ್ಕೆ ಬನ್ನಿ!" ಪೊಲೀಸ್ ಅಧಿಕಾರಿಯ ಕುಟುಂಬಕ್ಕೂ ಅದೇ ಸೀಟಿ, ಹೊಸದಾಗಿ ಮದುವೆಯಾದವರಿಗೂ ಅದೇ ಸೀಟಿ. ವರ್ಷಗಳು ಕಳೆದಂತೆ ಗಡಿಯಾರವನ್ನು ನೋಡುವ ಅಗತ್ಯವೂ ಅವರಿಗೆ ಉಳಿಯಲಿಲ್ಲ. ಅರ್ಧ ಗಂಟೆ ಅವರ ಮೈಯಲ್ಲೇ ಸೇರಿಹೋಗಿತ್ತು.

ಒಬ್ಬರೇ ಬಂದವರನ್ನು ದೋಣಿಗೆ ಹತ್ತಿಸುವ ಅವರ ಕ್ರಮವೇ ಬೇರೆ. ಒಬ್ಬರೇ ಕೂತರೆ ದೋಣಿ ಒಂದು ಕಡೆಗೆ ವಾಲುತ್ತದೆ. ಅದಕ್ಕೆ ಅವರು ಪಕ್ಕದ ಜಾಗದಲ್ಲಿ ಒಂದು ಮರಳು ಚೀಲವನ್ನು ತಂದು ಕೂರಿಸುತ್ತಾರೆ. "ಇವರು ನಿಮ್ಮ ಜೊತೆಗಾರರು. ಮಾತಾಡಲ್ಲ, ಆದ್ರೆ ಜಗಳಾನೂ ಆಡಲ್ಲ," ಎನ್ನುತ್ತಾರೆ. ಎಂಥ ಮುಖ ಗಂಟಿಕ್ಕಿಕೊಂಡು ಬಂದವರೂ ಆ ಮಾತಿಗೆ ಒಮ್ಮೆ ನಗುತ್ತಾರೆ.

ಚಳಿ ಕಳೆದು ದಡದ ಮರಗಳು ಚಿಗುರಿದವೆಂದರೆ ಕೊಳಕ್ಕೆ ಜನ ಮುಗಿಬೀಳುತ್ತಾರೆ. ಊರಿನ ಎಲ್ಲ ಕುಟುಂಬಗಳೂ ಬುತ್ತಿ ಕಟ್ಟಿಕೊಂಡು, ಚಾಪೆ ಹಿಡಿದುಕೊಂಡು ಹೊರಗೆ ಬರುವ ಭಾನುವಾರಗಳವು. ಅರ್ಧಗಂಟೆಯವರಿಗೆ ಮಾತ್ರ ವರ್ಷದಲ್ಲೇ ಹೆಚ್ಚಿನ ಕೆಲಸದ ದಿನಗಳು. ಅವರ ಹೆಂಡತಿ ಬದುಕಿದ್ದಾಗ ಆಕೆಯೂ ಮಗಳ ಕೈ ಹಿಡಿದುಕೊಂಡು ಬಂದು, ಸಾಲಿನಲ್ಲಿ ನಿಂತು, ನಾಲ್ಕನೇ ನಂಬರಿನ ದೋಣಿ ಹತ್ತುತ್ತಿದ್ದರು. ಇವರು ಹಗ್ಗ ಬಿಚ್ಚಿ, ದೋಣಿಯನ್ನು ಕಾಲಿನಿಂದ ನೂಕಿ, ಕಟ್ಟೆಯ ಮೇಲೆಯೇ ಉಳಿಯುತ್ತಿದ್ದರು. ದೋಣಿ ಕೊಳದ ನಡುಗಡ್ಡೆಯ ಹಿಂದೆ ಹೋಗಿ ಮರೆಯಾಗುತ್ತಿತ್ತು. ಮೂವತ್ತನೆಯ ನಿಮಿಷಕ್ಕೆ ಹೆಂಡತಿಗೂ ಸೀಟಿ.

"ಅಲ್ಲಿ ಹಿಂದೆ ಹೋಗಿ ಏನ್ ಮಾಡ್ತೀಯಾ? ಜೊಂಡು, ಕೆಸರು ಬಿಟ್ರೆ ಏನೂ ಇಲ್ಲ. ಸಿಕ್ಕಿಕೊಂಡ ದೋಣಿ ಎಳೆಯೋಕೆ ನೂರು ಸಲ ಹೋಗಿದೀನಿ," ಎಂದು ಇವರು ಕೇಳಿದರೆ, ಆಕೆ ನಗುತ್ತಿದ್ದರಂತೆ.

"ಒಂದಿನ ನೀವೇ ಬನ್ನಿ. ತೋರಿಸ್ತೀನಿ."

ಆ ಒಂದು ದಿನ ಬರಲಿಲ್ಲ. ಆಕೆ ತೀರಿಕೊಂಡು ಆರು ವರ್ಷಗಳಾದವು. ಮಗಳು ಮದುವೆಯಾಗಿ ಬಸ್ಸಿನಲ್ಲಿ ಒಂದು ಹಗಲಿನಷ್ಟು ದೂರದ ಊರಿನಲ್ಲಿದ್ದಾಳೆ. ವರ್ಷಕ್ಕೊಮ್ಮೆ, ಮರ ಚಿಗುರುವ ಕಾಲಕ್ಕೆ, ಎರಡು ದಿನದ ಮಟ್ಟಿಗೆ ಬರುತ್ತಾಳೆ. ಉಳಿದಂತೆ ಅರ್ಧಗಂಟೆಯವರ ಮನೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ. "ಮಾತಾಡಬೇಕು ಅನ್ಸಿದ್ರೆ ರೇಡಿಯೋನ ಬೈತೀನಿ ಮೇಷ್ಟ್ರೇ, ಅದು ತಿರುಗಿ ಬಯ್ಯಲ್ಲ," ಎಂದು ನನಗೆ ಒಮ್ಮೆ ಹೇಳಿದ್ದರು.

ಈ ವರ್ಷ ಮಗಳು ಬರುವ ಮೊದಲೇ ಅವರು ನನ್ನ ಬೆಂಚಿನ ಬಳಿಗೆ ಬಂದರು. ಇನ್ನೊಂದು ಚಳಿಗಾಲಕ್ಕೆ ಮಂಡಿಗಳು ಪೆಡಲ್ ತುಳಿಯುವ ಸ್ಥಿತಿಯಲ್ಲಿ ಇರುವುದಿಲ್ಲವೆಂದು ವೈದ್ಯರು ಹೇಳಿದ್ದರಂತೆ. "ಒಂದೇ ಒಂದು ಸಲ ಮಗಳು ಮೊಮ್ಮಗಳ ಜೊತೆ ನಡುಗಡ್ಡೆ ಹಿಂದಕ್ಕೆ ಹೋಗಿಬರಬೇಕು. ಅಮ್ಮ ತೋರಿಸ್ತೀನಿ ಅಂದಿದ್ದು ಏನೂಂತ ಮಗಳಿಗೆ ಗೊತ್ತು. ಬಾಯಲ್ಲಿ ಹೇಳೇ ಅಂದ್ರೆ, ನೋಡೇ ತಿಳಿಬೇಕು ಅಂತಾಳೆ. ನೀವು ಸ್ವಲ್ಪ ಹೊತ್ತು ಹಗ್ಗ ಹಿಡ್ಕೊತೀರಾ?"

"ಹಿಡ್ಕೊತೀನಿ. ಸೀಟಿ ಮಾತ್ರ ಊದಲ್ಲ," ಎಂದೆ.

ಆ ಭಾನುವಾರ ಕಟ್ಟೆಯ ಮೇಲೆ ನೂಕುನುಗ್ಗಲು. ಟಿಕೆಟ್ ಹರಿಯುವ ಹೆಂಗಸು ಕಿಟಕಿಯಿಂದಲೇ ಕೂಗಿದಳು: "ಹೋಗ್ರಣ್ಣ, ಹೋಗಿ! ನೀವಿಲ್ಲಾಂದ್ರೆ ಕೊಳ ಬತ್ತಿಹೋಗಲ್ಲ!" ಅರ್ಧಗಂಟೆಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಸೀಟಿಯನ್ನು ಕತ್ತಿನಿಂದ ತೆಗೆದು ಮೊಳೆಗೆ ತೂಗುಹಾಕಿ, ನಾಲ್ಕನೇ ನಂಬರಿನ ದೋಣಿಯಲ್ಲಿ ಮಗಳ ಪಕ್ಕ ಕೂತರು. ಆರು ವರ್ಷದ ಮೊಮ್ಮಗಳು ಹಿಂದಿನ ಹಲಗೆಯಲ್ಲಿ.

ಆ ಮಗುವಿಗೆ ಮೊದಲು ಬಾತುಕೋಳಿಗಳ ಹಿಂದೆ ಹೋಗಬೇಕಾಗಿತ್ತು. ಆಮೇಲೆ ತಾನೇ ದೋಣಿಯನ್ನು ತಿರುಗಿಸಬೇಕಾಗಿತ್ತು. ದೋಣಿ ಕೊಳದ ನಡುವೆ ಎರಡು ಸುತ್ತು ಹಾಕಿತು. ಅರ್ಧಗಂಟೆಯವರು ಬಾಯಿ ತುಂಬ ನಗುವುದು ಕಟ್ಟೆಯವರೆಗೂ ಕೇಳಿಸುತ್ತಿತ್ತು. ಕೊನೆಗೆ ದೋಣಿ ನಡುಗಡ್ಡೆಯ ಕಡೆ ಹೊರಟಿತು. ಇನ್ನೇನು ಮರೆಯಾಗಬೇಕು, ಅಷ್ಟರಲ್ಲಿ ಮೂತಿ ತಿರುಗಿತು. ನೇರವಾಗಿ ಕಟ್ಟೆಯತ್ತ ಬರತೊಡಗಿತು.

ನಾನು ಕೈಗಡಿಯಾರ ನೋಡಿದೆ. ಸರಿಯಾಗಿ ಮೂವತ್ತು ನಿಮಿಷ. ಯಾರೂ ಸೀಟಿ ಊದಿರಲಿಲ್ಲ.

"ತಾತ ಅರ್ಧಕ್ಕೇ ತಿರುಗಿಸ್ಬಿಟ್ರು!" ಮಗು ದೂರದಿಂದಲೇ ದೂರು ಹೇಳಿತು.

ದೋಣಿ ಕಟ್ಟೆಗೆ ತಾಗಿದಾಗಲೇ ಅರ್ಧಗಂಟೆಯವರಿಗೆ ತಾವು ಮಾಡಿದ್ದು ಗೊತ್ತಾದದ್ದು. ಕೈ ಇನ್ನೂ ದೋಣಿ ತಿರುಗಿಸುವ ಹಿಡಿಯ ಮೇಲೇ ಇತ್ತು. "ಅಯ್ಯೋ, ಕೈ ತಾನಾಗೇ ತಿರುಗ್ತಲ್ಲಮ್ಮ..."

"ತಿರುಗಿದ್ದು ನಂಗೊತ್ತಾಯ್ತಪ್ಪ. ನಿಲ್ಲಿಸ್ತೀಯೇನೋ ಅಂತ ಸುಮ್ಮನಿದ್ದೆ."

"ಮತ್ತೊಂದು ಸಲ ಹೋಗೋಣ, ಬಾ."

ಆಗಲೇ ಸಾಲಿನಲ್ಲಿದ್ದವರು ದೋಣಿಗೆ ಕಾಲಿಟ್ಟಾಗಿತ್ತು. ಮಗಳ ಬಸ್ಸಿಗೆ ಮುಕ್ಕಾಲು ಗಂಟೆಯೂ ಉಳಿದಿರಲಿಲ್ಲ. ಆಕೆ ಮಗುವಿಗೆ ಚಪ್ಪಲಿ ಹಾಕುತ್ತ, ತಂದೆಯ ಮುಖವನ್ನು ನೋಡದೆ ಹೇಳಿದಳು:

"ಅಲ್ಲಿ ಜೊಂಡಿನ ಸಂದಿಯಿಂದ ಈ ಕಟ್ಟೆ ಕಾಣ್ತದಪ್ಪ. ಅಮ್ಮ ತುಳಿಯೋದು ನಿಲ್ಲಿಸಿ ನಿನ್ನನ್ನ ನೋಡ್ತಾ ಕೂತಿರ್ತಿದ್ಲು. ಮನೇಲಿ ಒಂದು ಕಡೆ ನಿಲ್ಲಲ್ಲ ಈ ಮನುಷ್ಯ, ಇಲ್ಲಿಂದ ನೋಡಿದ್ರೇನೇ ಸರಿಯಾಗಿ ಕಾಣೋದು ಅಂತಿದ್ಲು. ಕೈ ಬೀಸ್ತಿದ್ಲು. ನೀನು ಗಡಿಯಾರ ನೋಡ್ತಿದ್ದೆ."

ಅರ್ಧಗಂಟೆಯವರು ಬಸ್ ನಿಲ್ದಾಣದವರೆಗೆ ಮಗಳ ಚೀಲ ಹೊತ್ತುಕೊಂಡು ಹೋಗಿ, ಒಬ್ಬರೇ ಮರಳಿದರು. ಉಳಿದ ಹೊತ್ತೆಲ್ಲ ಹಗ್ಗ ಬಿಚ್ಚಿದರು, ಕಟ್ಟಿದರು. ಸೀಟಿ ಮಾತ್ರ ಅಂದು ಒಂದೆರಡು ನಿಮಿಷ ತಡವಾಗಿಯೇ ಮೊಳಗಿತು. ಯಾರೂ ಗಮನಿಸಿದಂತೆ ಕಾಣಲಿಲ್ಲ.

ಟಿಕೆಟ್ ಕಿಟಕಿ ಮುಚ್ಚಿದಾಗ ಬಿಸಿಲು ಇನ್ನೂ ಮರಗಳ ತುದಿಯಲ್ಲಿತ್ತು. ಚಾಪೆಗಳನ್ನು ಸುತ್ತಿಕೊಂಡು ಕುಟುಂಬಗಳು ಗೇಟಿನ ಕಡೆ ಹೊರಟಿದ್ದವು. ಅರ್ಧಗಂಟೆಯವರು ಮರಳು ಚೀಲವನ್ನು ಎತ್ತಿ ತಂದು ನಾಲ್ಕನೇ ನಂಬರಿನ ದೋಣಿಯಲ್ಲಿ ತಮ್ಮ ಪಕ್ಕದ ಜಾಗದಲ್ಲಿ ಕೂರಿಸಿದರು. ಜೋಕು ಹೇಳಲಿಲ್ಲ.

"ಮೇಷ್ಟ್ರೇ, ನಾನು ನಿಂತ್ಕೊಳ್ಳೋ ಜಾಗದಲ್ಲಿ ನೀವು ನಿಂತ್ಕೊಳ್ಳಿ. ಹಗ್ಗ ಕೈಯಲ್ಲಿರ್ಲಿ."

ನಾನು ಕಟ್ಟೆಯ ತುದಿಯಲ್ಲಿ ನಿಂತೆ. ಮಂಡಿನೋವಿನಿಂದ ತಡೆದು ತಡೆದು ತುಳಿಯುತ್ತ ಅವರು ನಡುಗಡ್ಡೆಯನ್ನು ಬಳಸಿ ಮರೆಯಾದರು. ನೀರಿನ ಮೇಲೆ ದೋಣಿ ಮೂಡಿಸಿದ ಗೆರೆಯೂ ಅಳಿಸಿಹೋಯಿತು. ಅರ್ಧ ಗಂಟೆ ಕಳೆಯಿತು, ಮೇಲೆ ಹತ್ತು ನಿಮಿಷವೂ ಕಳೆಯಿತು. ಸೀಟಿ ನನ್ನ ಪಕ್ಕದ ಮೊಳೆಯಲ್ಲೇ ತೂಗುತ್ತಿತ್ತು. ನಾನು ಜೊಂಡಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಅವರು ಮರಳಿ ಬಂದಾಗ ನಾನೇ ಹಗ್ಗ ಎಸೆದೆ.

"ಕಾಣ್ತದೆ ಮೇಷ್ಟ್ರೇ. ನೀವು ಮೂಗು ಕೆರ್ಕೊಂಡಿದ್ದೂ ಕಾಣಿಸ್ತು." ಹಗ್ಗವನ್ನು ದೋಣಿಗೆ ಬಿಗಿಯುತ್ತ ಕೇಳಿದರು: "ನಾನಲ್ಲಿಂದ ಕೈ ಬೀಸಿದೆ. ನಿಮಗೆ ಕಾಣಿಸ್ತಾ?"

"ಇಲ್ಲ."

"ನಿಜ ಹೇಳಿ."

"ನಿಜ. ಆ ಕಡೇನೇ ನೋಡ್ತಿದ್ದೆ. ಬರೀ ಜೊಂಡು ಕಾಣ್ತಿತ್ತು."

"ಹಾಗಾದ್ರೆ ನಾನು ಗಡಿಯಾರ ನೋಡದಿದ್ರೂ ಅವಳು ಕೈ ಬೀಸಿದ್ದು ಕಾಣ್ತಿರಲಿಲ್ಲ," ಎಂದರು ಅರ್ಧಗಂಟೆಯವರು. ದೋಣಿಯಿಂದ ಇಳಿದು, ದಿನವೂ ದೊಪ್ಪನೆ ಎಸೆಯುವ ಮರಳು ಚೀಲವನ್ನು ಎರಡೂ ಕೈಗಳಿಂದ ತಬ್ಬಿ ಎತ್ತಿ, ಮೆಲ್ಲನೆ ಕಟ್ಟೆಯ ಮೇಲಿಟ್ಟರು.