ಲವೀನಿಯಾಳ ಉಪ್ಪಿಲ್ಲದ ಹೋರಾಟ

ಅಮೆರಿಕ ದೇಶ ಹೆಂಡವನ್ನು ಏಕೆ ನಿಷೇಧಿಸಿತೆಂದು ಕೇಳಿದರೆ ದೊಡ್ಡವರ ಬಳಿ ದೊಡ್ಡ ಕಾರಣಗಳಿವೆ. ಗಂಡಸರು ವಾರದ ಕೂಲಿಯನ್ನೆಲ್ಲ ಕುಡಿದು ಬಂದು ಹೆಂಡತಿಯರನ್ನು ಬಡಿಯುತ್ತಿದ್ದರು. ಯುದ್ಧದ ಕಾಲದಲ್ಲಿ ರೊಟ್ಟಿಯಾಗಬೇಕಿದ್ದ ಧಾನ್ಯ ಬಿಯರ್ ಆಗುತ್ತಿತ್ತು. ಆ ಬಿಯರ್ ಮಾಡುವವರೋ ಶತ್ರುದೇಶದ ಜರ್ಮನ್ನರು. ಎಲ್ಲವೂ ನಿಜವೇ. ಆದರೆ ಬ್ಯಾನಕ್ ಎಂಬ ಊರಿನ ಲವೀನಿಯಾ ಕ್ರಂಬ್‌ಗೆ ಇದ್ದ ಕಾರಣ ಒಂದೇ: ಗಂಡ ಆರ್ಲೋ ಸಂಜೆಯ ಊಟಕ್ಕೆ ಮನೆಗೆ ಬರುತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಪಾನವಿರೋಧಿ ಸಂಘದವನೊಬ್ಬ ಚರ್ಚಿಗೆ ಬಂದು, ಉಪ್ಪು, ಮೆಣಸು, ಸಾಸಿವೆ ರಕ್ತವನ್ನು ಕಾಯಿಸುತ್ತವೆ, ಕಾದ ರಕ್ತ ಹೆಂಡ ಬೇಡುತ್ತದೆ ಎಂದು ಭಾಷಣ ಬಿಗಿದು ಹೋಗಿದ್ದ. ಲವೀನಿಯಾ ಅಂದೇ ಉಪ್ಪಿನ ಭರಣಿಯನ್ನು ಅಟ್ಟಕ್ಕೆ ಹಾಕಿದಳು. ಉಪ್ಪಿಗಿಂತ ರುಚಿಯಿಲ್ಲ ಎಂದು ಆ ಮಹಾರಾಯನಿಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಅಂದಿನಿಂದ ಬೇಯಿಸಿದ ಟರ್ನಿಪ್ ಗಡ್ಡೆ, ಬೇಯಿಸಿದ ಎಲೆಕೋಸು, ಮೆಕ್ಕೆಜೋಳದ ಗಂಜಿ, ಎಲ್ಲವೂ ಸಪ್ಪೆ.

ಆರ್ಲೋ ಗಾಡಿಚಕ್ರ ಮಾಡುವವನು. ಕೆಲಸ ಮುಗಿದರೆ ನೆಟ್ಟಗೆ ಕ್ಲೆಮೆನ್ಸ್‌ನ ಪಡಖಾನೆಗೆ. ಅಲ್ಲಿ ಒಂದು ಲೋಟ ಬಿಯರ್ ಕೊಂಡವನಿಗೆ ತಿನ್ನುವುದೆಲ್ಲ ಪುಕ್ಕಟೆ: ಉಪ್ಪುಮೀನು, ಹುಳಿಯಲ್ಲಿ ನೆನೆದ ಮೊಟ್ಟೆ, ಸಾಸಿವೆ ಬಳಿದ ಹಂದಿಮಾಂಸ. ತಿಂದಷ್ಟೂ ಬಾಯಾರಲಿ ಎಂಬುದು ಕ್ಲೆಮೆನ್ಸ್‌ನ ಲೆಕ್ಕ.

ಲವೀನಿಯಾ ಎದೆಗೆ ಪಾನವಿರೋಧದ ಗುರುತಾದ ಬಿಳಿ ರಿಬ್ಬನ್ ಚುಚ್ಚಿಕೊಂಡು, ಸಂಘದ ಹೆಂಗಸರನ್ನು ಕಟ್ಟಿಕೊಂಡು ಪಡಖಾನೆಯೊಳಗೇ ನುಗ್ಗಿ, ನೆಲದ ಮರದಹೊಟ್ಟಿನ ಮೇಲೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದಳು. ಕುಡುಕರೂ ಟೋಪಿ ತೆಗೆದು ತಲೆಬಾಗುತ್ತಿದ್ದರು. ಆರ್ಲೋ ಹೆಂಡತಿಯ ಪಕ್ಕದಲ್ಲೇ ಮಂಡಿಯೂರುತ್ತಿದ್ದ, ಆದರೆ 'ಆಮೆನ್' ಮಾತ್ರ ಎನ್ನುತ್ತಿರಲಿಲ್ಲ. ಪಾಪ, ಪಶ್ಚಾತ್ತಾಪದಿಂದ ಗಂಟಲು ಕಟ್ಟಿದೆ ಎಂದು ಅವಳು ಗೆಳತಿಯರಿಗೆ ಹೇಳುತ್ತಿದ್ದಳು. ಕಟ್ಟಿದ್ದು ಮೀನಿನಿಂದ.

ಹೀಗೇ ಮೂವತ್ತು ವರ್ಷ. ಕೊನೆಗೆ ಸಂವಿಧಾನವನ್ನೇ ತಿದ್ದಿದರು. ಸಾವಿರದ ಒಂಬೈನೂರ ಇಪ್ಪತ್ತರ ಜನವರಿಯಲ್ಲಿ ದೇಶದ ಪಡಖಾನೆಗಳೆಲ್ಲ ಬಾಗಿಲು ಹಾಕಬೇಕಾಯಿತು. ಅಂದು ಸಂಜೆ ಆರ್ಲೋ ಹೊತ್ತಿಗೆ ಸರಿಯಾಗಿ ಬಂದು ಊಟಕ್ಕೆ ಕೂತಾಗ ಲವೀನಿಯಾಳ ಕಣ್ಣು ತುಂಬಿತು. ಅವನು ಟರ್ನಿಪ್ ನೋಡಿದ. ಅವನ ಕಣ್ಣೂ ತುಂಬಿತು.

ವಾರ ಕಳೆಯುವುದರೊಳಗೆ ಮತ್ತೆ ತಡವಾಗಿ ಬರತೊಡಗಿದ. ಕಳ್ಳ ಹೆಂಡವೇ ಸರಿ, ತನ್ನ ಬಾಳೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು ಎಂದು ಅವಳ ಎದೆ ಒಡೆಯಿತು. ಒಂದು ಸಂಜೆ ಅವನ ಹಿಂದೆಯೇ ಹೋದಳು. ಮುಚ್ಚಿದ ಪಡಖಾನೆಯ ಮೆಟ್ಟಿಲ ಮೇಲೆ ಗಂಡ ಒಬ್ಬನೇ ಕೂತು, ಕೋಟಿನೊಳಗಿನಿಂದ ಏನನ್ನೋ ತೆಗೆದು ಬಾಯಿಗಿಡುತ್ತಿದ್ದ. ಕೈ ಹಾಕಿ ಕಿತ್ತುಕೊಂಡಳು. ಶೀಶೆಯಲ್ಲ, ಕಾಗದದಲ್ಲಿ ಸುತ್ತಿದ ಉಪ್ಪುಮೀನು.

"ಕುಡೀತಾ ಇಲ್ವಾ ನೀನು?"

"ಕುಡಿಯೋದಂದ್ರೆ ನಂಗೆ ಯಾವತ್ತೂ ಅಷ್ಟಕ್ಕಷ್ಟೆ ಕಣೆ. ಲೋಟ ತಗೊಳ್ದೆ ಇದ್ರೆ ಆ ಕ್ಲೆಮೆನ್ಸ್ ಮೀನು ಮುಟ್ಟೋಕೆ ಬಿಡ್ತಿರ್ಲಿಲ್ಲ."

"ಮತ್ತೆ ಹೇಳೋಕೇನಾಗಿತ್ತು? ಮೂವತ್ತು ವರ್ಷ ಬಾಯಲ್ಲೇನಿಟ್ಕೊಂಡಿದ್ದೆ?"

"ಮೀನು," ಎಂದ ಆರ್ಲೋ. ಆಮೇಲೆ ಮೆತ್ತಗೆ, "ನೀನು ಆ ಗಡ್ಡೆ ಮುಂದಿಟ್ಕೊಂಡು ಅಷ್ಟು ಭಕ್ತಿಯಿಂದ ಪ್ರಾರ್ಥನೆ ಮಾಡ್ತಿದ್ದೆ. ದೇವರ ಎದುರಿಗೆ ಸಪ್ಪೆ ಅಂತ ಹೆಂಗನ್ಲಿ?"

ಚಿಟಿಕೆ ಉಪ್ಪಿನಲ್ಲಿ ಮುಗಿಯುವ ಕೆಲಸಕ್ಕೆ ಇಡೀ ದೇಶದ ಬಾಯಿಗೆ ಬೀಗ ಹಾಕಿಸಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಮರುದಿನ ಸಂಜೆ ಭರಣಿ ಅಟ್ಟದಿಂದ ಮೇಜಿಗೆ ಇಳಿಯಿತು. ಆರ್ಲೋ ಮೂರು ತಟ್ಟೆ ಟರ್ನಿಪ್ ತಿಂದು ನೀರು ಕೇಳಿದ.

"ನೋಡಿದ್ಯಾ? ಉಪ್ಪು ತಿಂದ್ರೆ ದಾಹ ಆಗತ್ತೆ ಅಂತ ಆ ಭಾಷಣದವರು ಹೇಳಿದ್ದು ಸುಳ್ಳಲ್ಲ," ಎಂದಳು ಲವೀನಿಯಾ.

"ಉಪ್ಪು ತಿಂದೋನು ನೀರು ಕುಡೀಲೇಬೇಕು. ಹಾಕು," ಎಂದು ಅವನು ಲೋಟ ಚಾಚಿದ.

ಅವಳು ಅವನ ಲೋಟ ತುಂಬಿಸಿದಳು. ಆಮೇಲೆ ತನ್ನ ಲೋಟಕ್ಕೂ ಹಾಕಿಕೊಂಡಳು. ಅವಳೂ ಮೂರು ತಟ್ಟೆ ತಿಂದಿದ್ದಳು.